ಭಾವ ಕೊಂಡ ಕಪ್ಪು ಜಿಪಿಎಸ್

ನಮ್ಮ ಭಾವನ ಎಡಗೈ ಹೆಬ್ಬೆರಳು ಅರ್ಧಕ್ಕೇ ಮುಗಿದಿತ್ತು. ಉಗುರಿರಬೇಕಾದ ಕಡೆ ನುಣುಪಾದ, ಬಿಳಿಚಿಕೊಂಡ ಚರ್ಮ. ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತುವಾಗ ಉಳಿದ ನಾಲ್ಕು ಬೆರಳನ್ನು ಬಳ್ಳಿಯಂತೆ ಸುತ್ತಿ, ಆ ಮೋಟು ಬೆರಳನ್ನು ಮೇಲೆ ಸುಮ್ಮನೆ ಒರಗಿಸುತ್ತಿದ್ದರು. ಚಿಕ್ಕಂದಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಪೆಡಲು ತಿರುಗಿಸುತ್ತ ಚೈನಿಗೆ ಬೆರಳು ಕೊಟ್ಟಿದ್ದರಂತೆ. ಯಾರಾದರೂ ಕೇಳಿದರೆ ಮುಜುಗರಪಡದೆ ಕೈಯನ್ನೇ ಮುಂದೆ ಚಾಚಿ ತೋರಿಸಿಬಿಡುತ್ತಿದ್ದರು.

ಅವರದು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿ ನೆಲೆನಿಂತ ಮಾಧ್ವರ ಮನೆತನ. ಕನ್ನಡ ಮಾತಾಡುತ್ತಿದ್ದರು, ಆದರೆ ಅದರೊಳಗೆ ತಮಿಳು ಎಷ್ಟು ಬೆರೆತಿತ್ತೆಂದರೆ ಮದುವೆಯಾದ ಹೊಸದರಲ್ಲಿ ನಮ್ಮಕ್ಕ ಅರ್ಧ ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದಳಂತೆ. ಖಾಸಗಿ ಕಂಪನಿಯೊಂದರ ಪರ್ಚೇಸ್ ಸೆಕ್ಷನ್ನಿನಲ್ಲಿ ಕೆಲಸ. ತಾಂಬರಂನಲ್ಲಿ ಬಾಡಿಗೆ ಮನೆ, ಒಬ್ಬಳೇ ಮಗಳು. ತೊಂಬತ್ತರ ದಶಕದ ಕೊನೆಗೆ ನುಂಗಂಬಾಕ್ಕಂನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ನನಗೆ ನೌಕರಿ ಸಿಕ್ಕಾಗ ನಾನು ಶ್ರೀರಂಗಪಟ್ಟಣದಿಂದ ಬಂದು ಆ ಮನೆ ಸೇರಿದೆ.

ತಮಿಳು ಬಾರದು, ಊರು ಗೊತ್ತಿಲ್ಲ, ಎಲೆಕ್ಟ್ರಿಕ್ ಟ್ರೇನಿನ ನೂಕುನುಗ್ಗಲು ಕಂಡರೆ ಹಿಂದೆ ಸರಿಯುತ್ತಿದ್ದೆ. ಮೊದಲ ದಿನ ಭಾವ ಜೊತೆಗೆ ಬಂದು ಆಫೀಸಿನ ಬಾಗಿಲವರೆಗೆ ಬಿಟ್ಟರು. ಮರುದಿನ ತಾಂಬರಂ ಸ್ಟೇಷನ್ನಿನಲ್ಲಿ ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ ಕೈ ಬೀಸಿದರು. ನುಂಗಂಬಾಕ್ಕಂನಲ್ಲಿ ಇಳಿದು, ಯಾವ ಕಡೆಯ ಮೆಟ್ಟಿಲು ಎಂದು ತಿಳಿಯದೆ ಕಣ್ಣಲ್ಲಿ ನೀರು ತುಂಬಿಕೊಂಡು ತಿರುಗಿದರೆ, ಪ್ಲಾಟ್‌ಫಾರ್ಮಿನ ಆ ತುದಿಯ ಕಂಬಕ್ಕೆ ಒರಗಿ ಭಾವ ಪೇಪರ್ ಓದುತ್ತಿದ್ದರು. ಪಕ್ಕದ ಡಬ್ಬಿಯಲ್ಲೇ ಬಂದಿದ್ದರು. ಹತ್ತಿರ ಬರಲಿಲ್ಲ. ನಾನೇ ಮೆಟ್ಟಿಲು ಹುಡುಕಿಕೊಳ್ಳುವವರೆಗೆ ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ.

“ದಾರಿ ತಪ್ಪಿದ್ರೆ ಓಡಬಾರದು ಪಾ,” ಎಂದರು ಆ ಸಂಜೆ. “ನಿಂತ್ಕೊಂಡು ಬಿಡಬೇಕು. ನಿಂತವರಿಗೆ ಊರು ತಾನಾಗಿ ತಿಳಿಯತ್ತೆ.”

ಈ ಮಾತನ್ನು ಅವರು ಮಗಳಿಗೂ ಹೇಳುತ್ತಿದ್ದರು, ಅಕ್ಕನಿಗೂ ಹೇಳುತ್ತಿದ್ದರು. ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು.

ಜಿಪಿಎಸ್ಸಿನ ಹುಚ್ಚು ಅವರಿಗೆ ಹಿಡಿದದ್ದು ಮೂರ್ನಾಲ್ಕು ವರ್ಷದ ಮೇಲೆ, ಒಂದು ಭಾನುವಾರದ ಪುರವಣಿಯಿಂದ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ, ಇನ್ಯಾರೋ ಕೈಯಲ್ಲಿ ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರುತ್ತಾರೆ. ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಗೆದ್ದವರಿಗೆ ಏನೂ ಇಲ್ಲ. “ಏನೂ ಇಲ್ಲ ಅನ್ನೋದೇ ಚೆನ್ನಾಗಿದೆ ನೋಡು,” ಎಂದು ಭಾವ ಆ ಪುಟವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಆಮೇಲೆ ಶುರುವಾಯಿತು ಆಯ್ಕೆ. ಆಫೀಸಿನಲ್ಲಿ ಬೋಲ್ಟು ನಟ್ಟಿಗೂ ಮೂರು ಕಡೆ ದರ ಕೇಳುವ ಮನುಷ್ಯ. ವಾರಕ್ಕೊಮ್ಮೆ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಒಂದೊಂದೇ ಮಾದರಿಯ ವಿವರ ಓದಿ ಬರುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ನಮಗೆ ಅದರದೇ ಪಾಠ. ಬಣ್ಣದ ಪರದೆ, ಒಳಗೇ ಮ್ಯಾಪು ಇದ್ದದ್ದು ನಮ್ಮ ಕೈಗೆಟುಕುವಂಥದ್ದಲ್ಲ. ಅಲ್ಲದೆ ಬ್ಯಾಟರಿಯನ್ನು ನುಂಗಿ ಹಾಕುತ್ತದೆ. ದಿಕ್ಸೂಚಿ, ಎತ್ತರ ಅಳೆಯುವ ಯಂತ್ರ ಬೇರೆಯಾಗಿ ಇರುವುದು ಬೆಟ್ಟ ಹತ್ತುವವರಿಗೆ, ತಾಂಬರಂನವರಿಗೆ ಯಾಕೆ?

“ನಂಗೆ ಎಷ್ಟು ದೂರ, ಯಾವ ಕಡೆ, ಇಷ್ಟು ಹೇಳಿದ್ರೆ ಪೋದುಂ, ಸಾಕು. ಮಿಕ್ಕಿದ್ದು ಕಾಲು ನೋಡ್ಕೊಳತ್ತೆ.”

ಎಲ್ಲರೂ ಹೊಗಳುತ್ತಿದ್ದದ್ದು ಹಳದಿ ಬಣ್ಣದ ಒಂದು ಪುಟ್ಟ ಮಾದರಿಯನ್ನು. ಅಗ್ಗ, ಹಗುರ, ನೀರು ಬಿದ್ದರೂ ಕೆಡದು. ಹೊಸಬರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಬಹುದು ಎಂದು ಎಲ್ಲ ಕಡೆ ಬರೆದಿದ್ದರು. ಆದರೆ ಅದರ ಗುಂಡಿಗಳು ಪಕ್ಕಗಳಲ್ಲಿದ್ದವು, ಮುಖ್ಯವಾದವು ಎಡಪಕ್ಕದಲ್ಲಿ. ಎಡಗೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಒತ್ತಬೇಕು. ಭಾವ ಬಚ್ಚಲಿನಿಂದ ಸೋಪಿನ ಡಬ್ಬಿ ತಂದು, ಅದನ್ನೇ ಜಿಪಿಎಸ್ ಅಂದುಕೊಂಡು ಎಡಗೈಯಲ್ಲಿ ಹಿಡಿದು ಒತ್ತಿ ನೋಡಿದರು. ಮೋಟು ಬೆರಳು ಜಾರುತ್ತಿತ್ತು. ಮತ್ತೆ ಮತ್ತೆ ಒತ್ತಿದರು. ಮಗಳು ನಕ್ಕಳು, ಅವರೂ ನಕ್ಕರು. ಸೋಪಿನ ಡಬ್ಬಿ ಬಚ್ಚಲಿಗೆ ಹಿಂದಿರುಗಿತು, ಹಳದಿಯ ಆಸೆಯೂ ಅಲ್ಲಿಗೆ ಮುಗಿಯಿತು.

ಕೊನೆಗೆ ಬಂದರಿನ ಬಳಿ, ಕಳ್ಳದಾರಿಯ ವಿದೇಶಿ ಮಾಲಿಗೆ ಹೆಸರಾದ ಬರ್ಮಾ ಬಜಾರಿನ ಸಾಲಂಗಡಿಯೊಂದರಲ್ಲಿ, ಯಾರೋ ಹಡಗಿನವರು ಮಾರಿಹೋಗಿದ್ದ ಹಳೆಯದೊಂದು ಸಿಕ್ಕಿತು. ಕಪ್ಪು ಬಣ್ಣ, ಇಟ್ಟಿಗೆಯಷ್ಟು ದಪ್ಪ, ತಲೆಯ ಮೇಲೆ ಗಿಡ್ಡ ಆಂಟೆನಾ. ಗುಂಡಿಗಳೆಲ್ಲ ಮುಂಭಾಗದಲ್ಲಿ, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಒತ್ತಬಹುದು. ಅದನ್ನು ಫುಟ್‌ಪಾತಿಗೆ ತಂದು ಆಕಾಶಕ್ಕೆ ಹಿಡಿದು ಭಾವ ನಿಂತೇ ನಿಂತರು. ಉಪಗ್ರಹಗಳು ಒಂದೊಂದಾಗಿ ಸಿಗಬೇಕಲ್ಲ. ಅಂಗಡಿಯವನಿಗೆ ತಾಳ್ಮೆ ಕೆಟ್ಟಿತು.

“ಸಾರ್, ವಾಂಗ್ರೀಂಗಳಾ ಇಲ್ಲಿಯಾ?” ತೊಗೊಳ್ತೀರೋ ಇಲ್ಲವೋ ಎಂದು.

“ಬಿಲ್ ಕೊಡ್ತೀಯಾ?” ಎಂದು ಭಾವ ತಮಿಳಿನಲ್ಲೇ ಕೇಳಿದರು. ಅವನು ಪಕ್ಕದಂಗಡಿಯವನ ಮುಖ ನೋಡಿ ನಕ್ಕ. ಬಿಲ್ ಇಲ್ಲದೆ ಭಾವ ಜೀವನದಲ್ಲಿ ಕೊಂಡ ವಸ್ತು ಅದೊಂದೇ ಇರಬೇಕು.

ಮುಂದಿನ ಐದಾರು ವರ್ಷ ನಮ್ಮ ಭಾನುವಾರಗಳು ಚೆನ್ನಾಗಿದ್ದವು. ಆಗ ಊರಿನಲ್ಲಿ ಡಬ್ಬಿಗಳೇ ಕಡಿಮೆ. ಇದ್ದದ್ದನ್ನೆಲ್ಲ ಹುಡುಕಿ ಮುಗಿಸಿದ ಮೇಲೆ ಭಾವ ತಾವೇ ಕೆಲವನ್ನು ಬಚ್ಚಿಟ್ಟರು. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಚಿಕ್ಕ ಪುಸ್ತಕ, ಪೆನ್ಸಿಲ್, ಮಗಳು ಕೊಟ್ಟ ಗೋಲಿ. ಅದರಲ್ಲೊಂದು ಕೆರೆ ಏರಿಯ ಹಳೆಯ ತೂಬಿನ ಕಲ್ಲುಗಳ ಸಂದಿಯಲ್ಲಿತ್ತು. ಇಟ್ಟಾಗ ಸುತ್ತ ಬರೀ ಜಾಲಿ ಮುಳ್ಳು. ವರ್ಷಗಳು ಹೋದ ಹಾಗೆ ಅಲ್ಲಿ ರಸ್ತೆ ಬಂತು, ಅಪಾರ್ಟ್‌ಮೆಂಟು ಬಂತು, ಬೆಳಗಿನ ವಾಕಿಂಗಿನವರು ಬಂದರು.

ಮುಂಬೈಯಲ್ಲಿ ದಾಳಿ ನಡೆದು ಇನ್ನೂ ಬಹಳ ದಿನವಾಗಿರಲಿಲ್ಲ. ಸಮುದ್ರ ದಾಟಿ ಬಂದವರು ಜಿಪಿಎಸ್ ಹಿಡಿದು ಬಂದರೆಂದು ಟೀವಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಮಳೆಗೆ ಪುಸ್ತಕ ಒದ್ದೆಯಾಗಿದೆ ಎಂದು ಯಾರೋ ತಿಳಿಸಿದ್ದರಿಂದ, ಒಂದು ಬೆಳಿಗ್ಗೆ ಭಾವ ಹೊಸ ಪುಸ್ತಕ ತೆಗೆದುಕೊಂಡು ಕೆರೆ ಏರಿಗೆ ಹೋದರು. ಕಲ್ಲಿನ ಸಂದಿಗೆ ಕೈ ತೂರಿಸಿ ಕೂತಿದ್ದವರನ್ನು ಅಪಾರ್ಟ್‌ಮೆಂಟಿನ ವಾಚ್‌ಮನ್ ನೋಡಿದ. ಭಾವನ ಇನ್ನೊಂದು ಕೈಯಲ್ಲಿ ವಾಕಿಟಾಕಿಯಂಥ ಕಪ್ಪು ಯಂತ್ರ. ಅವನು ಕೂಗಿದ, ಜನ ಸೇರಿದರು.

ಆ ಏರಿಯ ಮೇಲೆ ಎರಡೂ ಕಡೆ ದಾರಿಯಿತ್ತು. ಭಾವ ಓಡಲಿಲ್ಲ, ನಿಂತುಕೊಂಡರು. ಯಂತ್ರವನ್ನು ಮೇಲೆತ್ತಿ ತೋರಿಸುತ್ತ ವಿವರಿಸಲು ಹೋದರಂತೆ. ಹಾಗೆ ಎತ್ತಿದ್ದೇ ತಪ್ಪಾಯಿತು. “ಅಮುಕ್ಕಪೋರಾಂಡಾ!” ಬಾಂಬಿನ ಗುಂಡಿ ಒತ್ತುತ್ತಾನೆ ಎಂದು ಯಾರೋ ಕಿರುಚಿದರು. ಪೊಲೀಸರು ಬರುವ ಹೊತ್ತಿಗೆ ಅವರ ಅಂಗಿ ಹರಿದುಹೋಗಿತ್ತು, ಬಾಯಲ್ಲಿ ರಕ್ತ.

ಅಕ್ಕನೂ ನಾನೂ ಸ್ಟೇಷನ್ನಿಗೆ ಹೋದಾಗ ಅವರನ್ನು ಗೋಡೆಯ ಪಕ್ಕ ನೆಲದ ಮೇಲೆ ಕೂರಿಸಿದ್ದರು. ಮೇಜಿನ ಮೇಲೆ ಡಬ್ಬಿ, ಪಕ್ಕದಲ್ಲಿ ಜಿಪಿಎಸ್. ನಾನು ನನ್ನ ಹರಕು ತಮಿಳಿನಲ್ಲಿ ಆಟವನ್ನು ವಿವರಿಸಿದೆ. ಇನ್‌ಸ್ಪೆಕ್ಟರ್ ಕೊನೆಯವರೆಗೂ ಕೇಳಿದರು.

“ಹುಡುಕಿದವರಿಗೆ ಏನಮ್ಮಾ ಸಿಗತ್ತೆ?”

“ಏನೂ ಇಲ್ಲ ಸಾರ್.”

“ಏನೂ ಸಿಗದೇ ಇರೋದಕ್ಕೆ ಜರ್ಮನಿಯವನು ಬಂದು ಇದರಲ್ಲಿ ಹೆಸರು ಬರೀತಾನಾ?” ಎಂದು ಒದ್ದೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು. “ಇದರ ಬಿಲ್ ಎಲ್ಲಿ?”

ಬಿಲ್ ಇರಲಿಲ್ಲ. ಆಮೇಲೆ ಅವರು ಎದ್ದು ಹೋಗಿ ಭಾವನ ಎಡಗೈ ಹಿಡಿದೆತ್ತಿದರು. “ಈ ಬೆರಳು ಹೇಗೆ ಹೋಯಿತು? ಏನು ತಯಾರು ಮಾಡುವಾಗ ಹೋಯಿತು?”

ಯಾರು ಕೇಳಿದರೂ ತಾವಾಗಿ ಕೈ ಚಾಚುತ್ತಿದ್ದ ಭಾವ ಅವತ್ತು ಬಾಯಿ ಬಿಡಲಿಲ್ಲ. ತುಟಿ ಊದಿ ಮಾತು ಹೊರಡುತ್ತಿರಲಿಲ್ಲವೋ, ಉತ್ತರ ಹೇಳಿ ಹೇಳಿ ಸಾಕಾಗಿತ್ತೋ, ನನಗೆ ತಿಳಿಯದು. “ಸೈಕಲ್ ಚೈನು ಸಾರ್, ಮಗುವಾಗಿದ್ದಾಗ,” ಎಂದು ಅಕ್ಕ ಅಳುತ್ತ ಹೇಳಿದಳು. ಅಲ್ಲಿದ್ದವರಲ್ಲೊಬ್ಬ ನಕ್ಕ.

ನಾನು ಬ್ರೌಸಿಂಗ್ ಸೆಂಟರಿಗೆ ಓಡಿ, ಆ ಡಬ್ಬಿಯ ಬಗ್ಗೆ ಭಾವ ಹಾಕಿದ್ದ ಪುಟವನ್ನೂ ಊರಿನ ಬೇರೆ ಡಬ್ಬಿಗಳ ಪುಟಗಳನ್ನೂ ಪ್ರಿಂಟ್ ತೆಗೆಸಿ ತಂದೆ. ಅವರ ಆಫೀಸಿಗೆ ಫೋನು ಮಾಡಿದೆ. “ಎಲ್ಲಾ ಕ್ಲಿಯರ್ ಆಗಲಿ, ಆಮೇಲೆ ನೋಡೋಣ,” ಎಂದು ಮ್ಯಾನೇಜರ್ ಇಟ್ಟುಬಿಟ್ಟರು. ಪ್ರಿಂಟುಗಳನ್ನು ಯಾರೋ ಮೇಲಿನವರಿಗೆ ತೋರಿಸಿದರು. ಮರುದಿನ ಸಂಜೆ ಒಂದು ಹೇಳಿಕೆಗೆ ರುಜು ಹಾಕಿಸಿಕೊಂಡು ಭಾವನನ್ನು ಕಳಿಸಿದರು. ಕೇಸಿಲ್ಲ. ಯಂತ್ರ ಮಾತ್ರ ಅಲ್ಲೇ ಉಳಿಯಿತು. ಕೇಳಿಕೊಂಡು ಮತ್ತೆ ಅಲ್ಲಿಗೆ ಹೋಗುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮನೆಗೆ ಬಂದ ಮೇಲೆ ಗೊತ್ತಾಯಿತು, ಅವರ ಎಡಗಿವಿ ಕೇಳಿಸುತ್ತಿರಲಿಲ್ಲ. ಅಕ್ಕ ಗಂಜಿ ಕುಡಿಸುತ್ತಿದ್ದಳು. ಎರಡು ಗುಟುಕು ಕುಡಿದು ನನ್ನನ್ನು ಹತ್ತಿರ ಕರೆದರು.

“ಬಾಕಿ ಡಬ್ಬಿಗಳು ಇದಾವಲ್ಲ. ಎಲ್ಲಾ ತೆಗೆದುಬಿಡು. ಯಾರಾದ್ರೂ ಪಾಪ, ಹುಡುಕ್ಕೊಂಡು ಬಂದು ಸಿಕ್ಕಿಹಾಕ್ಕೊಂಡ್ರೆ?”

ಅದೇ ಅವರು ಮನೆಯಲ್ಲಾಡಿದ ಮೊದಲ ಮಾತು. ಹೊಡೆದವರ ಬಗ್ಗೆ ಒಂದು ಮಾತಿಲ್ಲ. ಯಾವ ಮರದ ಬುಡ, ಯಾವ ಗೋಡೆಯ ಬಿರುಕು ಎಂದು ಕಣ್ಣು ಮುಚ್ಚಿಕೊಂಡು ಹೇಳಿದರು. ನಾನು ರಜೆ ಹಾಕಿ, ಬ್ಯಾಗಿನೊಳಗೆ ಕೈ ಹಾಕುವಾಗಲೂ ಸುತ್ತ ನೋಡಿಕೊಳ್ಳುತ್ತ, ಒಂದೊಂದನ್ನೇ ತೆಗೆದು ತಂದೆ. “ಎಲ್ಲಾ ಆಯ್ತಾ? ಇನ್ಯಾರೂ ಹೋಗಲ್ವಲ್ಲ?” ಎಂದು ಕೇಳಿ, ಇಲ್ಲವೆಂದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ತಮಿಳು ಪೇಪರೊಂದರಲ್ಲಿ ಅವರ ಹೆಸರು ಬಂದಿತ್ತು. ಬಿಟ್ಟು ಕಳಿಸಿದ ಸುದ್ದಿ ಬರಲಿಲ್ಲ. ಆಫೀಸಿನವರು ಮರ್ಯಾದೆಯಿಂದಲೇ ರಾಜೀನಾಮೆ ಬರೆಸಿಕೊಂಡರು. ಮನೆ ಓನರು ತಮ್ಮ ಮಗನಿಗೆ ಮನೆ ಬೇಕೆಂದರು. ನಾವು ಅದೇ ತಾಂಬರಂನ ಇನ್ನೊಂದು ತುದಿಗೆ, ಬೆಳಕಿಲ್ಲದ ಎರಡು ಕೋಣೆಗೆ ಹೋದೆವು. ನನ್ನ ಸಂಬಳದಲ್ಲಿ ಮನೆ ನಡೆಯಿತು. ಭಾವ ಹೊರಗೆ ಹೋಗುವುದನ್ನೇ ಬಿಟ್ಟರು. ಒಂದು ಸಲ ಹಾಲು ತರುತ್ತೇನೆಂದು ಚಪ್ಪಲಿ ಮೆಟ್ಟಿದಾಗ ಮಗಳು ಬಾಗಿಲಿಗೆ ಅಡ್ಡ ನಿಂತು, “ಅಪ್ಪಾ, ವೆಳಿಯೆ ಪೋಗಾದೀಂಗಪ್ಪಾ,” ಎಂದಳು. ಹೊರಗೆ ಹೋಗಬೇಡಿ ಎಂದು. ಅವರು ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದರು.

ಎರಡು ವರ್ಷ ಹಾಗೇ ಕಳೆಯಿತು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದರು. ಹತ್ತಿರದ ನರ್ಸಿಂಗ್ ಹೋಮಿನವರು ನೋಡಿ, ಕೀಲ್ಪಾಕಿನ ಆಸ್ಪತ್ರೆಗೆ ಒಯ್ಯಿರಿ ಎಂದರು. ಬಾಡಿಗೆ ಕಾರಿನಲ್ಲಿ ಅಕ್ಕ ಮುಂದೆ ಕೂತಳು. ಭಾವ ಹಿಂದೆ, ಕಣ್ಣು ಮುಚ್ಚಿ ನನ್ನ ಹೆಗಲಿಗೆ ಒರಗಿದ್ದರು. ಕೇಳಿಸುವ ಕಿವಿಯ ಕಡೆ ನಾನು ಕೂತಿದ್ದೆ.

“ಎಲ್ಲಿದೀವಿ?” ಎಂದರು.

“ಕ್ರೋಂಪೇಟೆ ಭಾವ.”

ಸ್ವಲ್ಪ ಹೊತ್ತಿಗೆ ಮತ್ತೆ, “ಈಗ?”

“ಪಲ್ಲಾವರಂ ದಾಟಿದ್ವಿ.”

ಅವರ ಕೈ ಬೆವರಿ ತಣ್ಣಗಾಗುತ್ತಿತ್ತು. ಹಾಗೇ ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಗಿಂಡಿ. ಸೈದಾಪೇಟೆ. ನುಂಗಂಬಾಕ್ಕಂನ ಸಿಗ್ನಲ್ಲಿನಲ್ಲಿ ಕಾರು ಬಹಳ ಹೊತ್ತು ನಿಂತಿತು. “ನಿನ್ನ ಆಫೀಸು,” ಎಂದರು ತಾವಾಗಿ, ಕಣ್ಣು ತೆರೆಯದೆ.

“ಹೌದು ಭಾವ. ಇನ್ನು ಸ್ವಲ್ಪವೇ.”

ಚೇತ್‌ಪಟ್ ಸೇತುವೆ ಹತ್ತುವಾಗ ಅವರು ಕೇಳಲಿಲ್ಲ. ಇಳಿಯುವಾಗಲೂ ಕೇಳಲಿಲ್ಲ. ನಾನೇ ಅವರ ಕಿವಿಗೆ ಬಾಯಿಟ್ಟು ಹೇಳಿದೆ: ಸೇತುವೆ ಇಳಿದೆವು, ಎಡಕ್ಕೆ ತಿರುಗಿದೆವು, ಕೀಲ್ಪಾಕ್ ಬಂತು, ಇಗೋ ಆಸ್ಪತ್ರೆಯ ಗೇಟು. ಅವರ ತಲೆ ನನ್ನ ಹೆಗಲಿನಿಂದ ಎದೆಗೆ ಜಾರಿತ್ತು.

ಕಾರು ನಿಂತಿತು. ಮುಂದಿನ ಸೀಟಿನಿಂದ ಅಕ್ಕ, ತಿರುಗದೆಯೇ, “ಬಂದ್ವಾ?” ಎಂದಳು.

“ಬಂದ್ವಿ,” ಎಂದೆ.