ಒಂದೇ ಕೂಗಿಗೆ ಓಗೊಡುವ ಊರು

ಬೊಂಬಾಯಿಯಲ್ಲಿ ಯಾರೂ ಯಾರನ್ನೂ ಎರಡು ಸಲ ಕೂಗುವುದಿಲ್ಲ. ನಾನು ಟ್ರಂಕು ಇಳಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಪಕ್ಕದ ಬಾಗಿಲಿನ ಹೆಂಗಸು ಕಟಕಟೆಗೆ ಒರಗಿ ಮಗಳ ಹೆಸರು ಹಿಡಿದು ಒಂದೇ ಒಂದು ಸಲ ಕೂಗಿದಳು. ಮೂರು ಮಹಡಿ ಕೆಳಗಿನಿಂದ ಆ ಹುಡುಗಿ ತಟ್ಟನೆ ಓಗೊಟ್ಟಳು. ಹೊತ್ತು ಸರಿಯಾಗಿ ನಡುಮಧ್ಯಾಹ್ನ. ಆ ಹುಡುಗಿ ಜೀವಂತವಾಗಿ ಮೆಟ್ಟಿಲು ಹತ್ತಿ ಬರುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ನಮ್ಮ ಹನೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಟಮಟ ಮಧ್ಯಾಹ್ನ ಹೆಸರು ಹಿಡಿದಾಗಲಿ, ಅವ್ವ ಅಕ್ಕ ಎಂದಾಗಲಿ ಒಂದೇ ಸಲ ಕೂಗಿದರೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಗಾಳಿಗೆ ಒಂದೇ ಸಲ ಕೂಗಲು ಬರುವುದು. ಗಾಳಿಗೆ ಓ ಎಂದವರ ಉಸಿರು ಅದರ ಜೊತೆ ಹೋಯಿತು ಅಂತಲೇ ಲೆಕ್ಕ. ಇದನ್ನು ನನ್ನ ಅವ್ವ ನನಗೆ ಎದೆಹಾಲಿನ ಜೊತೆಗೇ ಕುಡಿಸಿದ್ದಳು.

ನಾನು ಹನೂರಿನಲ್ಲಿ ಮಿಡ್‌ವೈಫ್ ಆಗಿದ್ದವಳು. ಲೊಕ್ಕನಹಳ್ಳಿಯಿಂದ ಬಂಡಳ್ಳಿಯ ತನಕ ನನ್ನ ಕೈಗೆ ಬಿದ್ದು ಅತ್ತ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಕೆಲಸಕ್ಕೆ ಸೇರಿದಾಗ ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು, ಐವತ್ತಾರರಲ್ಲಿ ಮೈಸೂರಿಗೆ ಬಂತು. ಕೂತ ಕುರ್ಚಿ ಅಲುಗದೆ ನನ್ನ ರಾಜ್ಯವೇ ಬದಲಾಯಿತು. ಆ ವಲಸೆಗೆ ಟಿಕೀಟೂ ಬೇಕಾಗಲಿಲ್ಲ, ಅಳುವೂ ಬರಲಿಲ್ಲ. ರಿಟೈರಾದ ಮೇಲೆ ಮೊಮ್ಮಗನ ನಾಮಕರಣಕ್ಕೆಂದು ಭದ್ರಾವತಿಯ ಮಗನ ಮನೆಗೆ ಹೋಗಿ ಬಂದೆ. ಮಗುವಿಗೆ ಎಣ್ಣೆ ಹಚ್ಚಿದೆ, ಸೊಸೆಯ ಜೊತೆ ಸಣ್ಣದೊಂದು ಜಗಳ ಮಾಡಿದೆ, ಖುಷಿಯಾಗಿ ವಾಪಸಾದೆ. ಬೊಂಬಾಯಿ ಹಾಗಲ್ಲ. ಇಲ್ಲಿಗೆ ಮಗಳು ಸರೋಜಳ ಹೆರಿಗೆಗೆಂದು ಬಂದೆ. ಮದುವೆಯಾಗಿ ಎಂಟು ವರ್ಷದ ಮೇಲೆ ಅವಳಿಗೆ ಎರಡನೆಯ ಬಸಿರು. ತವರಿಗೆ ಬಾ ಎಂದು ಬರೆದಿದ್ದೆ. ಆ ಮನೆಗೆ ಬರಲಾರೆ, ನೀನೇ ಬಾ ಎಂದು ಉತ್ತರ ಬಂತು.

ಅವಳ ಮನೆ ಎಂದರೆ ಒಂದು ಖೋಲಿ. ಇಲ್ಲಿ ಕೋಣೆಗೆ ಖೋಲಿ ಎನ್ನುತ್ತಾರೆ. ಖೋಲಿಗಳನ್ನು ಸಾಲಾಗಿ ಕಟ್ಟಿ, ಮುಂದೆ ಎಲ್ಲಕ್ಕೂ ಸೇರಿ ಒಂದೇ ಮೊಗಸಾಲೆ ಬಿಟ್ಟರೆ ಅದು ಚಾಳು. ಒಲೆ, ಹಾಸಿಗೆ, ದೇವರ ಪಟ, ಅಳಿಯನ ಸೈಕಲ್ಲು ಎಲ್ಲ ಒಂದೇ ಕಡೆ. ಬಚ್ಚಲೆಂದರೆ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ, ಮೀಯುವಾಗ ಒಂದು ಹಳೆ ಸೀರೆ ಅಡ್ಡ ಕಟ್ಟಿಕೊಳ್ಳುವುದು. ಹನೂರಿನ ನನ್ನ ಮನೆಯಲ್ಲಿ ಬಚ್ಚಲು ಹಿತ್ತಿಲ ಕಡೆಗಿತ್ತು, ಗಟ್ಟಿ ಬಾಗಿಲು, ಒಳಚಿಲಕ. ಬಾಗಿಲಿಲ್ಲದ ಈ ಬಚ್ಚಲನ್ನು ನೋಡಿ ನಾನು ಮೂಗು ಮುರಿಯುತ್ತೇನೆಂದು ಅಳಿಯ ಶಿವಮಲ್ಲು ಹೆದರಿದ್ದ. ನನಗೆ ಎಷ್ಟು ಸಮಾಧಾನವಾಯಿತೆಂದು ಅವನಿಗೆ ಗೊತ್ತಿಲ್ಲ.

ಶಿವಮಲ್ಲು ಯಳಂದೂರಿನವನು, ಇಲ್ಲಿ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಭಾನುವಾರ ಎದ್ದ ಕೂಡಲೇ ಬಿಳಿಗಿರಿರಂಗನ ಬೆಟ್ಟ ಯಾವ ದಿಕ್ಕಿಗಿದೆ ಎಂದು ಅಂದಾಜು ಮಾಡಿ, ಎದುರಿನ ಗಿರಣಿಯ ಚಿಮಣಿಗೆ ಕೈ ಮುಗಿಯುತ್ತಾನೆ. ಮುದ್ದೆ ಸಿಗದೆ ಮೂರು ವಾರ ಬರೀ ಅನ್ನ, ಚಪಾತಿ ತಿಂದು ನನ್ನ ಹೊಟ್ಟೆ ಮುಷ್ಕರ ಹೂಡಿತ್ತು. ಒಂದು ದಿನ ಬಜಾರಿನಲ್ಲಿ ಮೂಟೆಯೊಳಗೆ ಕೈ ಹಾಕಿದೆ. ರಾಗಿ! ಅಂಗಡಿಯವನು ಅದನ್ನು ನಾಚಣಿ ಎಂದ. ಏನಾದರೂ ಅಂದುಕೊಳ್ಳಲಿ, ಸೆರಗಿನ ತುಂಬ ಕಟ್ಟಿಕೊಂಡು ಬಂದೆ. ಆವತ್ತು ಶಿವಮಲ್ಲು ಮುದ್ದೆ ಮುರಿಯುತ್ತಾ, "ಅತ್ತೆ, ಇನ್ನು ನಿಮ್ಮುನ್ನ ಊರ್ಗ ಕಳಿಸಾಕಿಲ್ಲ ಕನ್ರಿ" ಎಂದ. ಸರೋಜ ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಏಕೆ ನಗುತ್ತಿರಲಿಲ್ಲ ಎಂಬುದನ್ನು ಈಗ ಬರೆಯಬೇಕು. ಮುಂದೂಡಿಕೊಂಡೇ ಬಂದಿದ್ದೇನೆ.

ನಾವು ಮೈಸೂರಿಗೆ ಸೇರಿದ ಎರಡನೆಯ ಬೇಸಿಗೆ. ಚೊಚ್ಚಲ ಹೆರಿಗೆಗೆ ಸರೋಜ ಹನೂರಿಗೆ ಬಂದಿದ್ದಳು, ಎಂಟು ತಿಂಗಳು ತುಂಬಿತ್ತು. ನನ್ನ ಯಜಮಾನರು ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು, ಮನೆಯಲ್ಲಿ ನಾವಿಬ್ಬರೇ. ನಾನು ಬಂಡಳ್ಳಿಯಲ್ಲಿ ಒಂದು ಹೆರಿಗೆ ಮುಗಿಸಿ ಬಂದು, ಅಂಗಳದಲ್ಲಿ ಬಟ್ಟೆ ಹಿಂಡಿ ಹರವುತ್ತಿದ್ದೆ. ಮಟಮಟ ಮಧ್ಯಾಹ್ನ. ಹಿತ್ತಿಲ ಕಡೆಯಿಂದ "ಅವ್ವಾ" ಎಂದು ಒಂದು ಕೂಗು ಬಂತು, ಸಣ್ಣದು. ಓ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಸರೋಜ ಮಲಗಿದ್ದಾಳೆ ಅಂದುಕೊಂಡಿದ್ದೆ. ಎರಡನೆಯ ಕೂಗಿಗೆ ಕಾದೆ, ಬರಲಿಲ್ಲ. ಹೊಟ್ಟೆಯಲ್ಲಿ ಮಗು ಇರುವ ಮನೆ, ಓಗೊಟ್ಟು ಗಾಳಿಯನ್ನು ಒಳಗೆ ಕರೆಯಬಾರದು ಎಂದುಕೊಂಡೆ. ಇನ್ನೂ ಎರಡು ಸೀರೆ ಹರವಿದೆ. ಗಾಳಿ ಸೋಕದಿರಲೆಂದು ಬಸುರಿಯರು ಹಿಡಿದಿರುತ್ತಿದ್ದ ಬೇವಿನ ಸೊಪ್ಪು ಕಿತ್ತು ಬಿಸಾಡಿ ಬುದ್ಧಿ ಹೇಳುತ್ತಿದ್ದ ಮಿಡ್‌ವೈಫಮ್ಮ ಮಾಡಿದ ಕೆಲಸ ಇದು.

ಒಳಗೆ ಹೋದರೆ ಹಾಸಿಗೆ ಖಾಲಿ. ಬಚ್ಚಲ ಚಿಲಕ ಕಿತ್ತುಬರುವ ಹಾಗೆ ಒದ್ದೆ. ಕಲ್ಲಿನ ಮೇಲೆ ಬಿದ್ದಿದ್ದಳು. ನೀರು ಒಡೆದಿತ್ತು, ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಹೊರಗೆ ಬಂದಿತ್ತು. ಮುಟ್ಟಿದೆ, ಬೆಚ್ಚಗಿತ್ತು, ಮಿಡಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತು. ಹಿಂದೊಮ್ಮೆ ಹಾಗೇ ಆದವಳನ್ನು ಮಂಡಿಯೂರಿಸಿ, ಮಗುವಿನ ತಲೆಯನ್ನು ಒಳಕ್ಕೆ ತಳ್ಳಿ ಹಿಡಿದುಕೊಂಡೇ ಲಾರಿಯಲ್ಲಿ ಕೊಳ್ಳೇಗಾಲ ಮುಟ್ಟಿಸಿದ್ದೆ, ಆ ಮಗು ಉಳಿಯಿತು. ನನ್ನ ಮಗಳ ಮಗುವಿಗೆ ಬೇಕಾಗಿದ್ದದ್ದು ಎರಡು ಸೀರೆ ಹರವುವಷ್ಟು ಹೊತ್ತು. ಗಂಡುಮಗು. ಅಳಲಿಲ್ಲ.

ಕೂಗು ಕೇಳಿಸಿತ್ತು ಎಂದು ನಾನು ಯಾರಿಗೂ ಹೇಳಲಿಲ್ಲ. ಅಲ್ಲಿಂದಾಚೆಗೆ ಯಾರು ಎಲ್ಲಿ ಕೂಗಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗುತ್ತೇನೆ. ಇಲ್ಲಂತೂ ದಿನವಿಡೀ ಕೂಗು. ಮೀನಿನವಳು, ಹಾಲಿನವನು, ನಲ್ಲಿ ಬಂತೆಂದು ಸಾರುವವರು, ಎಲ್ಲರಿಗೂ ನಾನು ಒಳಗೊಳಗೇ ಓ ಎನ್ನುತ್ತಿದ್ದೆ. ಚಾಳಿನಲ್ಲಿ ಕೂಗು ಕೇಳಿದರೆ ನಾಲ್ಕು ಬಾಗಿಲಿನವರು ಹೊರಗೆ ಬರುತ್ತಾರೆ. ಇಲ್ಲೇ ಇದ್ದಿದ್ದರೆ ಮಗು ಉಳಿಯುತ್ತಿತ್ತು ಅನ್ನಿಸುತ್ತಿತ್ತು. ಹಾಗನ್ನಿಸಿದಾಗಲೆಲ್ಲ ನನ್ನ ಊರಿನ ಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ನನ್ನ ಮೇಲೆ.

ದಿನ ತುಂಬುತ್ತಾ ಬಂದಿತ್ತು. ಒಂದು ಸಂಜೆ ಸರೋಜಳ ತಲೆ ಬಾಚುತ್ತಿದ್ದೆ. ಅವಳು ತಿರುಗದೆಯೇ ಹೇಳಿದಳು.

"ಅವ್ವ, ತಪ್ಪು ನಂದೇ ಕನವ್ವ. ಜೋರಾಗಿ ಕೂಗ್ನಿಲ್ಲ ನಾನು. ಒಂದ್ಸಲ ಕೂಗ್ದೆ, ದನಿಯೇ ಬರ್ನಿಲ್ಲ. ಇನ್ನೊಂದ್ಸಲ ಕೂಗಿದ್ರ ನಿಂಗ ಕೇಳೋದು. ಮಗ ಉಳ್ಕಳೋದು."

ಏಳು ವರ್ಷ ಅವಳು ಹೊತ್ತಿದ್ದ ಹೊರೆ ನನ್ನದು! ಸುಮ್ಮನಿದ್ದರೆ ಮಗಳು ನನ್ನವಳಾಗಿಯೇ ಉಳಿಯುತ್ತಾಳೆ, ಆದರೆ ಆ ತಪ್ಪನ್ನು ತನ್ನದೆಂದುಕೊಂಡೇ ಹೆರಿಗೆಗೆ ಹೋಗುತ್ತಾಳೆ. ಹೇಳಿದರೆ ಅವಳನ್ನು ಕಳೆದುಕೊಳ್ಳಬಹುದು.

"ಕೇಳುಸ್ತು ಕನವ್ವ," ಎಂದೆ. "ನೀ ಕೂಗಿದ್ದು ಕೇಳುಸ್ತು. ಒಂದೇ ಕೂಗು ಅಂತ ನಾನೇ ಓ ಅನ್ನಿಲ್ಲ."

ಅವಳು ತಿರುಗಿ ನೋಡಿದಳು. ಅರ್ಧ ಬಾಚಿದ ಕೂದಲನ್ನು ತಾನೇ ಗಂಟು ಹಾಕಿಕೊಂಡು ಎದ್ದು ಹೋದಳು. ಆಮೇಲಿನ ಒಂಬತ್ತು ದಿನ ನನ್ನನ್ನು ಅವ್ವ ಎನ್ನಲಿಲ್ಲ. ಬೇಕಾದದ್ದನ್ನು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ಹತ್ತು ಅಡಿ ಉದ್ದದ ಖೋಲಿಯಲ್ಲಿ ಮಾತಾಡದೆ ಇರುವುದು ಎಷ್ಟು ಕಷ್ಟವೆಂದು ಚಾಳಿನಲ್ಲಿ ಬಾಳಿದವರಿಗೇ ಗೊತ್ತು. ನಾನು ಟ್ರಂಕಿಗೆ ಸೀರೆ ತುಂಬಿಟ್ಟುಕೊಂಡೆ.

ಹತ್ತನೆಯ ದಿನ ಬೆಳಿಗ್ಗೆ ನಾನು ಮೊಗಸಾಲೆಯಲ್ಲಿ ರಾಗಿ ಆರಿಸುತ್ತಿದ್ದೆ. "ಅವ್ವಾ" ಎಂಬ ಕೂಗು ಕೇಳಿತು. ಅದು ಮುಗಿಯುವ ಮೊದಲೇ ಓ ಎಂದೆ, ಮೊರ ಬಿಸಾಡಿ ಒಳಗೆ ಓಡಿದೆ. ಸರೋಜ ಗೋಡೆ ಹಿಡಿದು ನಿಂತಿದ್ದಳು. ನಾನು ಎದುರಿಗೆ ಬಂದು ಕೈ ಹಿಡಿದುಕೊಂಡಿದ್ದೆ. ಆದರೂ ಅವಳು ನನ್ನ ಮುಖವನ್ನೇ ನೋಡುತ್ತಾ ಇನ್ನೊಂದು ಸಲ "ಅವ್ವಾ" ಎಂದಳು. ನೋವು ತಡೆದುಕೊಂಡು ಮತ್ತೊಂದು ಸಲ, "ಅವ್ವಾ."

ಮೂರೂ ಸಲ ಓ ಎಂದೆ. ಅದು ಚುಚ್ಚುಮಾತೋ ಕ್ಷಮೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಅವಳಿಗೂ ತಿಳಿದಿರಲಾರದು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಹೊರಗೆ ಬೆಂಚಿನ ಮೇಲೆ ಕೂತು ಅದರ ಅಳು ಕೇಳಿಸಿಕೊಂಡೆ. ಅಷ್ಟೊಂದು ಮಕ್ಕಳನ್ನು ಅಳಿಸಿದ ನನಗೆ ಆವತ್ತು ಅಳು ನಿಲ್ಲಲಿಲ್ಲ.

ಬಾಣಂತನ ಮುಗಿಸಿ ಹೊರಡುವುದೆಂದಿತ್ತು. ಟ್ರಂಕು ಮಂಚದ ಕೆಳಗೇ ಉಳಿಯಿತು, ಒಂಬತ್ತು ವರ್ಷವಾಯಿತು. ಮೊಮ್ಮಗಳು ಸುಮ ನನ್ನನ್ನು ಇಲ್ಲಿಯವರ ಹಾಗೆ ಆಜಿ ಎನ್ನುತ್ತಾಳೆ. ಒಂದೇ ಸಲ ಕೂಗುತ್ತಾಳೆ, ಎರಡನೆಯದಕ್ಕೆ ನಾನು ಅವಕಾಶವನ್ನೇ ಕೊಟ್ಟಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ಹನೂರಿಗೆ ಹೋಗಿದ್ದೆ. ಮನೆಯೊಳಗೆ ಗೆದ್ದಲು ಹಿಡಿದ ತೊಲೆ, ಧೂಳು. ಅಕ್ಕಪಕ್ಕದವರು "ಬೊಂಬಾಯಮ್ಮ ಬಂದವ್ರೆ" ಎಂದರು. ಬೊಂಬಾಯಿಯಲ್ಲಿ ನಾನು ಮದ್ರಾಸಿನ ಅಜ್ಜಿ. ಬಿಸಿಲೇರಿತ್ತು, ಎಲ್ಲರೂ ಬಾಗಿಲು ಹಾಕಿಕೊಂಡು ಮಲಗಿದ್ದರು. ಸುಮ ನನ್ನ ಪಕ್ಕದಲ್ಲೇ ಕೂತು ಮಾವಿನಕಾಯಿ ತಿನ್ನುತ್ತಿದ್ದಳು. ಹಿತ್ತಿಲ ಕಡೆಯಿಂದ ಒಂದು ಕೂಗು ಬಂತು, ಸಣ್ಣದು.

"ಓ," ಎಂದೆ. "ಬಂದೆ ಕನಪ್ಪ."

ಎದ್ದು ಹೋಗಿ ಬಚ್ಚಲ ಬಾಗಿಲು ತೆರೆದೆ. ಒಣಗಿದ ಕಲ್ಲು, ಒಂದು ಜೇಡರ ಬಲೆ. ಸುಮ ಹಿಂದೆಯೇ ಬಂದು ನಿಂತಿದ್ದಳು.

"ಯಾರಿಗೆ ಆಜಿ ಓ ಅಂದೆ? ಯಾರೂ ಕೂಗಲಿಲ್ಲವಲ್ಲ."

"ನಿಮ್ಮಣ್ಣಂಗೆ ಕನವ್ವ," ಎಂದೆ.

ಅಣ್ಣನಿದ್ದ ಸಂಗತಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಖಾಲಿ ಬಚ್ಚಲನ್ನು ನೋಡಿದಳು, ನನ್ನನ್ನು ನೋಡಿದಳು, ಮಾವಿನಕಾಯಿಯ ಕೈಯಿಂದಲೇ ನನ್ನ ಸೆರಗು ಹಿಡಿದುಕೊಂಡಳು. ಕೊಳ್ಳೇಗಾಲದ ಬಸ್ಸಿಗೆ ಹೊತ್ತಾಗುತ್ತಿತ್ತು. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದೆ, ಬೀದಿ ಬಾಗಿಲಿಗೆ ಬೀಗ ಹಾಕಿದೆ. ಬಚ್ಚಲ ಬಾಗಿಲನ್ನು ಮಾತ್ರ ತೆರೆದೇ ಬಿಟ್ಟು ಬಂದೆ.