ಬುಟ್ಟಿ ಕೆಳಗಿನ ಕಪ್ಪುಕುಳಿಗಳು

ಬೆಳಿಗ್ಗೆ ಟ್ರಂಕಿನ ತಳದಿಂದ ಕಂಬಳಿ ತೆಗೆದು ಕೊಡವಿದೆ. ಕುರಿ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ನನಗೆ ಮಾತ್ರ ಅದನ್ನು ಕೊಟ್ಟ, ಯಲಬುರ್ಗಾದ ಹತ್ತಿರ ಕುರಿ ಸಾಕಿಕೊಂಡಿದ್ದ ದುರಗವ್ವತ್ತೆ ಎದುರು ಬಂದು ಕೂತಂತಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯ ಬಾಕಿಯಿತ್ತು. ಸೋಮವಾರ ಗೈಡಿಗೆ ಕಳಿಸದಿದ್ದರೆ ಒಂದು ವರ್ಷ ಕೈತಪ್ಪಿದಂತೆ. ನೆಮ್ಮದಿಯಾಗಿ ಮುಗಿಸೋಣವೆಂದು ಅತ್ತೆಯ ಮನೆಗೆ ಹೋಗಿದ್ದೆ.

"ಏನ್ ಓದಾಕತ್ತಿಯವ್ವಾ?" ಎಂದು ಕೇಳಿದಳು.

ಕಪ್ಪುಕುಳಿಗಳೆರಡು ಡಿಕ್ಕಿ ಹೊಡೆದಾಗ ಏಳುವ ಗುರುತ್ವದ ಅಲೆ, ಅದನ್ನು ಹಿಡಿಯುವ ಯಂತ್ರ, ಅದರಿಂದ ಎಷ್ಟು ತೂಕದವು ಎಷ್ಟಿವೆ ಎಂಬ ಅಂದಾಜು. ಇಷ್ಟೆಲ್ಲ ಬಿಡಿಸಿ ಹೇಳುವ ತಾಳ್ಮೆ ಯಾರಿಗಿರುತ್ತದೆ, ನೀವೇ ಹೇಳಿ. "ಗಣತಿ ಮಾಡ್ತೀನತ್ತಿ" ಎಂದು ಕೈತೊಳೆದುಕೊಂಡೆ.

ಅತ್ತೆ ಅದನ್ನೇ ಓಣಿಗೆಲ್ಲ ಹೇಳಿದ್ದಳು. ಮರುದಿನ ಓಣಿಯ ಕುರಿಗಳೆಲ್ಲ ಅಂಗಳದಲ್ಲಿ! "ನಮ್ಮವೂ ಬರಕೊಳ್ರಿ ಮೇಡಂ. ಲಸಿಕಿ ಸೂಜಿ ಯಾವಾಗ ಹಾಕಸ್ತೀರಿ?" ಎಂದರು ಹಿರಿಯರೊಬ್ಬರು. ಎಲ್ಲರಿಗೂ ಚಹಾ ಕುಡಿಸಿ ಕಳಿಸುವಷ್ಟರಲ್ಲಿ ಮರಿಯೊಂದು ನನ್ನ ಅಧ್ಯಾಯದ ಎರಡು ಹಾಳೆ ಮೇದಿತ್ತು. ಆ ಬರಹಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಈಗ ಅತ್ತೆಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಯಂತ್ರ ಅಲೆ ಹಿಡಿಯುವುದನ್ನು 'ಕೇಳಿಸುವುದು' ಎಂದು ವಿವರಿಸಿದೆ.

"ದೂರದಾಗಿನ ಸಣ್ಣವೂ ಕೇಳಸ್ತಾವೇನು?"

"ಇಲ್ಲತ್ತಿ. ದೊಡ್ಡವು ಭಾಳ ದೂರದಿಂದ ಕೇಳಸ್ತಾವ. ಸಣ್ಣವು ಹತ್ತರ ಇದ್ರಷ್ಟ."

"ಹೋದ ಸಲ ಗಣತಿಯಾಂವ ನಿಂತಿದ್ದ ಕುರಿ ಅಷ್ಟ ಬರಕೊಂಡ ಹೋದ. ಬುಟ್ಟಿ ಕೆಳಗ ಮುಚ್ಚಿದ್ದ ಮರಿ ನೋಡ್ಲೇ ಇಲ್ಲ. ಮುಂದ ಸೂಜಿ ಕಡಿಮಿ ಬಿದ್ದುವು. ನೀನೂ ಹಂಗ ಮಾಡಿಲ್ಲ ಹೌದಿಲ್ಲೊ?"

"ಮಾಡಿಲ್ಲ" ಎಂದು ಜಂಭದಿಂದಲೇ ಹೇಳಿದೆ. ಕೇಳಿಸದವುಗಳನ್ನೂ ಅಂದಾಜಿಗೆ ಸೇರಿಸುವುದು ನಮ್ಮ ವಿದ್ಯೆಯ ಮೊದಲ ಪಾಠ. ಆದರೂ ತಿನ್ನುತ್ತಿದ್ದ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಲ್ಯಾಪ್‌ಟಾಪ್ ತೆರೆದು ನೋಡಿದರೆ, ಅವಸರದಲ್ಲಿ ಆ ಕೇಳಿಸದವುಗಳನ್ನು ಸೇರಿಸದ ಹಳೆಯ ಫೈಲನ್ನೇ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ. ಹಗುರ ಕಪ್ಪುಕುಳಿಗಳು ಅಪರೂಪ ಎಂಬ ನನ್ನ ಘನ ತೀರ್ಮಾನ ಅಲ್ಲೇ ನೆಲಕಚ್ಚಿತು. ನನಗೇ ನಗು ಬಂತು. ಎರಡು ದಿನ ಕೂತು ಎಲ್ಲವನ್ನೂ ಹೊಸದಾಗಿ ಮಾಡಿ, ಸೋಮವಾರ ಸಂಜೆ ಕಳಿಸಿದೆ.

"ಅತ್ತಿ, ಸಣ್ಣವು ಭಾಳ ಹೆಚ್ಚಾದುವು" ಎಂದೆ.

ಅತ್ತೆ ಹಾಲು ಕರೆಯುತ್ತಲೇ ಹೇಳಿದಳು: "ಹೆಚ್ಚೆಲ್ಲಿ ಆದುವು? ಮೊದಲ ಇದ್ದುವು. ನೀ ಈಗ ಬುಟ್ಟಿ ಎತ್ತಿದಿ."

ಈಗ ನಾನೂ ಪಾಠ ಮಾಡುತ್ತೇನೆ. ಇವತ್ತು ತರಗತಿಯಲ್ಲಿ ಈಚೆಗೆ ಪತ್ತೆಯಾದವನ್ನು ತೋರಿಸುತ್ತ "ಇವು ಹೊಸ ಕಪ್ಪುಕುಳಿಗಳು" ಎನ್ನಹೊರಟವಳು ತಡೆದುಕೊಂಡು, "ನಮಗೆ ಹೊಸವು" ಎಂದೆ. ಒಬ್ಬರೇ ಯಾಕೆ ನಗುತ್ತೀರಿ ಮೇಡಂ ಎಂದು ಮುಂದಿನ ಬೆಂಚಿನವರು ಕೇಳಿದರು.