ಇಳಿಜಾರಿನ ಉಳಿತಾಯ

ಪೆಟ್ರೋಲಿಗೂ ಕೂಪನ್ನು ಬಂದಿದ್ದ ಯುದ್ಧದ ಕಾಲ. ಹಳಿಯಾಳದ ಕಟ್ಟಿಗೆ ಸಾವ್ಕಾರರ ಹಳೇ ಸಣ್ಣ ಲಾರಿಯ ಬ್ಯಾಟರಿ ಬೆಳಗಾದರೆ ಸತ್ತಿರುತ್ತಿತ್ತು. ಮಿಸ್ತ್ರಿಯಾದ ನಾನು ಡೈನಮೋ ಬಿಚ್ಚಿ ನೋಡಿದೆ, ಬೆಲ್ಟು ಎಳೆದು ನೋಡಿದೆ. ಎಲ್ಲ ಸರಿಯಾಗಿತ್ತು.

"ಹಂಗಾರ ಡ್ರೈವರ್ ಬಸ್ತ್ಯಾಂವನ ಏನೋ ಮಾಡಾಕತ್ತಾನ. ಇವತ್ತ ಅವನ್ನ ಕೆಲಸಾ ಬಿಡಸ್ತೇನಿ," ಅಂದರು ಸಾವ್ಕಾರರು.

ನೋಡೇಬಿಡೋಣವೆಂದು ಕಟ್ಟಿಗೆ ತರಲು ಕುಳಗಿಯ ಕಾಡಿಗೆ ಹೊರಟ ಲಾರಿಯಲ್ಲಿ ಸಾವ್ಕಾರರ ಪಕ್ಕ ನಾನೂ ಕೂತೆ. ಇಳಿಜಾರು ಬಂದದ್ದೇ ತಡ, ಬಸ್ತ್ಯಾಂವ ಗೇರು ತಪ್ಪಿಸಿ, ಚಾವಿ ತಿರುಗಿಸಿ ಇಂಜಿನ್ ಆರಿಸಿದ. ಲಾರಿ ತನ್ನ ಭಾರಕ್ಕೆ ತಾನೇ ಉರುಳತೊಡಗಿತು.

"ಇದೇನೋ?" ಅಂದೆ.

"ಸಾವ್ಕಾರ್ರ ಹುಕುಂ ರೀ. ಇಳಿಜಾರಿನ್ಯಾಗ ಪೆಟ್ರೋಲ್ ಸುಡಬ್ಯಾಡ ಅಂದಾರ."

ನಾನು ಸಾವ್ಕಾರರ ಕಡೆ ತಿರುಗಿದೆ. "ಇಂಜಿನ್ ನಿಂತ್ರ ಡೈನಮೋನೂ ನಿಲ್ತೈತ್ರಿ. ಬ್ಯಾಟರಿ ಹೆಂಗ ಚಾರ್ಜ್ ಆಗಬೇಕು?"

"ಗಾಲಿ ತಿರಗಾಕತ್ತಾವಲ್ಲೋ! ಅಷ್ಟು ಸಾಲೂದಿಲ್ಲೇನು ನಿನ್ನ ಡೈನಮೋಕ್ಕ?"

ಇಳಿಜಾರಿನ ತಳದಲ್ಲಿ ಅರಣ್ಯ ಇಲಾಖೆಯ ಗೇಟು. ಅಲ್ಲಿ ನಿಂತ ಲಾರಿ ಮತ್ತೆ ಸ್ಟಾರ್ಟ್ ಆಗಲಿಲ್ಲ. ನಾನೂ ಗೇಟಿನ ಗಾರ್ಡೂ ಹಿಂದಿನಿಂದ ತಳ್ಳತೊಡಗಿದೆವು. ಸಾವ್ಕಾರರು ಕೂತಲ್ಲಿಂದಲೇ ತಲೆ ಹೊರಗೆ ಹಾಕಿದರು.

"ಮಿಸ್ತ್ರಿ, ಹಿಂಗ ಕುಳಗಿ ತನಕ ತಳ್ಳಿದ್ರ ಪೆಟ್ರೋಲ್ ಪೂರಾ ಉಳೀತೈತಿ ನೋಡು!"

ಬಸ್ತ್ಯಾಂವನ ನೌಕರಿ ಉಳಿಯಿತು. ಸಾವ್ಕಾರರು ಬೇರೆ ಮಿಸ್ತ್ರಿಯನ್ನು ಹುಡುಕಿಕೊಂಡರು.